ನೊರೆಗೂಡು

ಶಿವರಾತ್ರಿ ಕಳೆದು ಬಿಸಿಲು ಏರುವ ಕಾಲ, ಬೆಳಗಿನ ಏಳು ಗಂಟೆ. ಕೊತ್ತತ್ತಿಯ ಪುಟ್ಟರಾಜು, ತೀರಿಹೋದ ಮಗ ಸಾಕಿದ್ದ ಫೈಟರ್ ಮೀನಿನ ಗಾಜಿನ ತೊಟ್ಟಿಯಿಂದ ಚಮಚದಲ್ಲಿ ನೊರೆ ತೆಗೆಯುತ್ತಿದ್ದ. ಮೂರು ತಿಂಗಳಲ್ಲಿ ಅವನು ದಿನಕ್ಕೆ ಮೂರೇ ಕಾಳು ಹಾಕುವುದನ್ನು, ನಲ್ಲಿ ನೀರನ್ನು ಒಂದು ದಿನ ಇಟ್ಟು ತುಂಬುವುದನ್ನು ಕಲಿತಿದ್ದ. ನೊರೆ ತೆಗೆಯುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಆಲೆಮನೆಯ ಕೊಪ್ಪರಿಗೆಯ ಮುಂದೆ ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಅದು.

ಸೊಸೆ ರೂಪ ಒದ್ದೆ ಟವೆಲು ಹಿಡಿದು ಬಂದು ನಿಂತಳು.

"ದಿನಾ ತೆಗೀತಿದ್ರಾ ಮಾವ ಅದನ್ನ?"

"ಊಂ ಕಣವ್ವ. ಎಷ್ಟು ತೆಗುದ್ರೂ ಮತ್ತೆ ಕಟ್ಕತದೆ. ನೀರೇ ಸರಿಯಿಲ್ಲ."

"ನೀರು ಸರಿಯಾಗೇ ಅದೆ. ಅದು ಗೂಡು. ಹೆಣ್ಣು ಬಂದು ಮೊಟ್ಟೆ ಇಡ್ಲಿ ಅಂತ ಗಂಡು ಕಟ್ತದಂತೆ. ನಿಮ್ ಮಗ ಏಳಿದ್ರು."

"ಹೆಣ್ಣೆಲ್ಲಿ ಅದೆ ಇಲ್ಲಿ?"

"ಇಲ್ಲ. ಬರದೂ ಇಲ್ಲ. ಆದ್ರೂ ಕಟ್ತದೆ."

ಅಷ್ಟು ಹೇಳಿ ಅವಳು ಟವೆಲನ್ನು ತಂತಿಯ ಮೇಲೆ ಹರವಿದಳು. ಅದು ಗಂಡನ ಟವೆಲು. ಯಾರೂ ಮೈ ಒರೆಸದ ಅದನ್ನು ಅವಳು ದಿನಾ ಒಗೆಯುತ್ತಿದ್ದಳು. ಬೆಳಕವಾಡಿಯಿಂದ ಅವಳ ಅಪ್ಪ ಎರಡು ಸಲ ಕರೆಯಲು ಬಂದಾಗಲೂ ಪುಟ್ಟರಾಜು, "ಇಲ್ಲೇ ಇರ್ಲಿ ಬುಡಿ," ಎಂದು ಕಳಿಸಿದ್ದ.

ಪುಟ್ಟರಾಜು ಚಮಚವನ್ನು ಕೆಳಗಿಟ್ಟ.

"ನಿಮ್ಮಪ್ಪಂಗೆ ಪೋನ್ ಮಾಡವ್ವ. ಬಂದು ಕರ್ಕಂಡೋಗ್ಲಿ."

ರೂಪ ಯಾಕೆ ಎಂದು ಕೇಳಲಿಲ್ಲ. "ನಾಳೆ ಬರಾಕೇಳ್ಲಾ ಮಾವ?"

"ನಾಳೆ ಸುಕ್ರವಾರ. ಮನೆ ಮಗಳನ್ನ ಸುಕ್ರವಾರ ಕಳಿಸಕಿಲ್ಲ."

ರೂಪ ಹೋದದ್ದು ಆ ಗುರುವಾರವೇ, ಮಧ್ಯಾಹ್ನದ ಊಟವಾದ ಮೇಲೆ.