ಏನ್ ಕೇಳಸ್ತೈತಿ?

ಐ.ಟಿ.ಐ. ಮುಗಿಸಿ ಬಂದ ದಾನೇಶ್ವರಿಗೆ ಕೆಲಸ ಕಲಿಸಲು ಆ ಗ್ಯಾರೇಜಿನಲ್ಲಿ ಒಪ್ಪಿದವರು ಒಬ್ಬರೇ, ಹಿರಿಯ ಮೆಕ್ಯಾನಿಕ್ ಮಕ್ತುಮ್‌ಸಾಬ್. ಉಳಿದವರು ಹೆಣ್ಣುಮಗಳ ಕೈಗೆ ಸ್ಪ್ಯಾನರ್ ಕೊಡಲೂ ಹಿಂಜರಿದಿದ್ದರು.

ಯಾವ ಗಾಡಿ ಬಂದರೂ ಮಕ್ತುಮ್‌ಸಾಬ್ ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿಸಿ, ಅವಳನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದರು.

"ಏನ್ ಕೇಳಸ್ತೈತಿ ಹೇಳವಾ."

"ಟಕ್ ಟಕ್ ಅಂತೈತ್ರಿ ಚಾಚಾ, ಮ್ಯಾಲಿನ ಕಡೆಯಿಂದ."

"ರೇಸ್ ಕೊಟ್ರ ಹೆಚ್ಚಾಗ್ತೈತೇನು?"

"ಹೌದ್ರಿ."

"ಹಂಗಾರ ಟ್ಯಾಪೆಟ್. ಬಿಚ್ಚು."

ವರ್ಷ ತುಂಬುವಷ್ಟರಲ್ಲಿ ಅವಳು ಸದ್ದಿನಿಂದಲೇ ಗಾಡಿಯ ರೋಗ ಹಿಡಿಯತೊಡಗಿದಳು. ಒಂದು ಮಧ್ಯಾಹ್ನ ಮಾಲೀಕ ಅವಳನ್ನು ಕರೆಸಿದ. ಕಣ್ಣು ಮಂಜಾದ ವೆಲ್ಡರನನ್ನು ಒಂದೇ ದಿನದಲ್ಲಿ ಮನೆಗೆ ಕಳಿಸಿದ ಮನುಷ್ಯ ಅಂದು ನಗುನಗುತ್ತ ಕೇಳಿದ, "ಇಷ್ಟ್ ಲಗೂ ಹೆಂಗ ಕಲ್ತಿ?"

ಗುರುವಿನ ನೆನಪಿಗೇ ಅವಳ ಮುಖ ಅರಳಿತು. "ಎಲ್ಲಾ ಚಾಚಾ ಕಲಿಸಿದ್ದ್ರಿ. ಇಂಥಾ ಸದ್ದು ಅಂತ ಅವ್ರು ಒಂದ್ ಸಲಾನೂ ತಾವಾಗಿ ಹೇಳಿಲ್ರಿ. ನನ್ನ ಬಾಯಿಂದನ ಹೇಳಸ್ತಾರ. ಅಲ್ಲೀತನಕ ನನ್ನ ಮಾರೀನ ನೋಡ್ಕೋಂತ ನಿಂತಿರ್ತಾರ."

ಮಾಲೀಕನ ನಗು ಮಾಯವಾಯಿತು. ಅವನು ಎದ್ದು ಹೊರಗೆ ಬಂದ. ಮಕ್ತುಮ್‌ಸಾಬ್ ಒಂದು ಜೀಪಿಗೆ ಬೆನ್ನು ಮಾಡಿ ಕೂತು ಬೇರಿಂಗಿಗೆ ಗ್ರೀಸ್ ಹಚ್ಚುತ್ತಿದ್ದರು. ಮಾಲೀಕ ಜೀಪಿನೊಳಗೆ ಕೈ ಹಾಕಿ ಹಾರ್ನ್ ಒತ್ತಿ ಹಿಡಿದ.

ಗ್ಯಾರೇಜಿನಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು.

"ಚಾಚಾ, ಇತ್ತಾಗ ನೋಡ್ರಿ!" ದಾನೇಶ್ವರಿ ಅಳುದನಿಯಲ್ಲಿ ಕೂಗಿದಳು.

ಮಕ್ತುಮ್‌ಸಾಬ್ ತಲೆಯೆತ್ತದೆ ಗ್ರೀಸ್ ಹಚ್ಚುತ್ತಲೇ ಇದ್ದರು.