ಒಂದೇ ಬೀಪ್

ಪರದೆ ಇನ್ನೂ ಕಪ್ಪಗೇ ಇತ್ತು. ಹೊನ್ನೇಶ್ ಮತ್ತೆ ಪವರ್ ಬಟನ್ ಒತ್ತಿದ. ಫ್ಯಾನ್ ತಿರುಗಿತು. ಒಂದು ಚಿಕ್ಕ ಬೀಪ್ ಬಂತು. ಆಮೇಲೆ ಏನೂ ಇಲ್ಲ.

ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ನಾಲ್ಕಕ್ಕೆ ಮದೀಹಾಳ ಆನ್‌ಲೈನ್ ಪರೀಕ್ಷೆ, ಹೊಸ ಕೆಲಸಕ್ಕಾಗಿ. ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಕೆಲಸ ಅದು, ಮನೆಯಲ್ಲೇ ಕೂತು ಮಾಡಬಹುದು. ಸದ್ಯ ಅವಳು ಕಡೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಫೋನಿಗೆ ಉತ್ತರ ಕೊಡುತ್ತಿದ್ದಳು. ಈ ತಿಂಗಳಿಗೆ ಅದು ಮುಗಿಯಿತು. ಇನ್ನು ಮುಂದೆ ಅಲ್ಲಿ ಯಂತ್ರವೇ ಉತ್ತರಿಸುತ್ತದಂತೆ. ಇವತ್ತಿನ ಪರೀಕ್ಷೆ ತಪ್ಪಿದರೆ ಬೇರೆ ದಾರಿ ಇರಲಿಲ್ಲ. ಆದರೆ ಪರೀಕ್ಷೆಯ ಸಾಫ್ಟ್‌ವೇರ್ ಈ ಮುದಿ ಕಂಪ್ಯೂಟರಿನ ಎರಡು ಜಿಬಿ ಮೆಮೊರಿಯಲ್ಲಿ ತೆರೆಯುತ್ತಲೇ ಇರಲಿಲ್ಲ.

"ನನ್ನತ್ರ ಒಂದು ರ‍್ಯಾಮ್ ಸುಮ್ನೆ ಬಿದ್ದೈತೆ ಅಕ್ಕಾ, ನಾನೇ ಬಂದು ಹಾಕ್ಕೊಡ್ತೀನಿ" ಎಂದು ವಾಟ್ಸಾಪ್ ಗುಂಪಿನಲ್ಲಿ ಬರೆದವನು ಹೊನ್ನೇಶನೇ. ಹಳೆಯ ಕಂಪ್ಯೂಟರುಗಳ ಹುಚ್ಚು ಹಿಡಿದವರ ಗುಂಪು ಅದು. ಮದೀಹಾಳ ಮುಖವನ್ನು ಅವನು ಕಂಡಿರಲಿಲ್ಲ. ಅವಳು ಟೈಪ್ ಮಾಡುವ ವೇಗ ಮಾತ್ರ ಗೊತ್ತಿತ್ತು: ಇವನು ಪ್ರಶ್ನೆ ಕಳಿಸಿ ಉಸಿರು ಬಿಡುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಇಲ್ಲಿ ಕೀಬೋರ್ಡಿನ ಅರ್ಧ ಅಕ್ಷರಗಳು ಸವೆದು ಅಳಿಸಿಹೋದದ್ದನ್ನು ನೋಡಿ ಅವನಿಗೆ ಆಶ್ಚರ್ಯವಾಗಲಿಲ್ಲ.

ಅಜ್ಜಂಪುರದಿಂದ ಬಸ್ಸು ಹತ್ತಿ ಅವನು ತರೀಕೆರೆಯ ಅವಳ ಮನೆಗೆ ಬಂದಾಗ ಅವಳು ಕೆಲಸಕ್ಕೆ ಹೊರಟಾಗಿತ್ತು. ಬಾಗಿಲು ತೆಗೆದದ್ದು ಅವಳ ಅಮ್ಮ ಶರೀಫುನ್ನೀಸಾ. ಬಂದ ಉತ್ಸಾಹದಲ್ಲಿ ಹೊನ್ನೇಶ್ ಒಮ್ಮೆ ಆನ್ ಮಾಡಿ ಕೂಡ ನೋಡದೆ, ವೈರುಗಳನ್ನೆಲ್ಲ ಕಿತ್ತು, ಕ್ಯಾಬಿನೆಟ್ಟನ್ನು ನೆಲಕ್ಕಿಳಿಸಿ ಬಿಚ್ಚಿಯೇಬಿಟ್ಟ. ರ‍್ಯಾಮ್ ಕೂರಿಸಿದ. ಪವರ್, ಕೀಬೋರ್ಡ್, ಇಂಟರ್ನೆಟ್, ಮಾನಿಟರ್ ವೈರುಗಳನ್ನಷ್ಟೇ ಸಿಕ್ಕಿಸಿದ. ಉಳಿದದ್ದು ಆಮೇಲೆ ನೋಡಿಕೊಂಡರಾಯಿತು.

ಆ 'ಆಮೇಲೆ' ಬರಲೇ ಇಲ್ಲ.

"ಏನಪ್ಪಾ, ಆಪರೇಷನ್ ಮುಗೀತಾ?" ಶರೀಫುನ್ನೀಸಾ ಚಹಾ ತಂದಿಟ್ಟರು.

"ಇನ್ನೊಂಚೂರು ಆಂಟಿ."

"ಬೆಳಗ್ಗೆ ತನಕ ಗಿಳಿ ಥರ ಮಾತಾಡ್ತಿತ್ತು. ನೀನು ಕೈ ಹಾಕಿದ್ದೇ ತಡ, ಮೂಗಿ ಆಗೋಯ್ತು ನೋಡು."

ಹೊನ್ನೇಶ್ ನಗಲು ನೋಡಿದ. ಆಗಲಿಲ್ಲ. "ಆಂಟಿ, ಈ ರೂಮಿನ ಲೈಟ್ ಸ್ವಿಚ್ ಎಲ್ಲೈತೆ?"

"ಬಲ್ಬ್ ಹೋಗಿ ಎಷ್ಟೋ ದಿನ ಆಯ್ತು ಬೇಟಾ. ಹೊಸದು ತರ್ಸೋಣ ಅಂದ್ರೆ ಮದೀಹಾ ದಂಡ ಅಂತಾಳೆ. ಮಹಾ ಜಿಪುಣಿ!"

ಬೆಳಕು ಹಾಕಿದ ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ಮತ್ತೆ ಒಳಗೆ ಬಗ್ಗಿದ. ಪಕ್ಕದ ಮನೆಯಿಂದ ಪೆನ್ಸಿಲ್ ರಬ್ಬರ್ ತರಿಸಿಕೊಂಡು ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಉಜ್ಜಿದ. ಎರಡೂ ರ‍್ಯಾಮ್ ಕಿತ್ತರೆ ಯಂತ್ರ ಉದ್ದಕ್ಕೆ ಅರಚುತ್ತಿತ್ತು. ಹಾಕಿದರೆ ಒಂದೇ ಬೀಪ್. ಒಂದು ಚಿಕ್ಕ ಬೀಪ್ ಎಂದರೆ ಎಲ್ಲ ಸರಿಯಿದೆ ಎಂದರ್ಥ, ಅದು ಅವನಿಗೆ ಗೊತ್ತು. ಹಾರ್ಡ್ ಡಿಸ್ಕಿನ ದೀಪವೂ ಮಿನುಗುತ್ತಿತ್ತು. ಸರಿಯಿದ್ದರೆ ಈ ಕತ್ತಲೆ ಯಾಕೆ?

ಹೊಸದನ್ನು ತೆಗೆದು ಹಳೆಯದೊಂದನ್ನೇ ಹಾಕಿ ನೋಡಿದ. ಬೀಪ್. ಕತ್ತಲೆ.

ಬೆಳಗ್ಗೆವರೆಗೆ ನಡೆಯುತ್ತಿದ್ದ ಕಂಪ್ಯೂಟರು ಇದು. ಪ್ಲಾಸ್ಟಿಕ್ ಚಾಪೆ ಮೇಲೆ ಕಾಲೆಳೆದು ಓಡಾಡಿದ್ದ, ಮೈಮೇಲೆ ನೈಲಾನ್ ಅಂಗಿ ಬೇರೆ. ಮುಟ್ಟಿದಾಗ ಮೈಯಲ್ಲಿನ ಸ್ಥಿರವಿದ್ಯುತ್ತಿನ ಕಿಡಿ ಹಾರಿ ಬೋರ್ಡೇ ಸುಟ್ಟಿರಬೇಕು.

ಮೊಬೈಲ್ ಅದುರಿತು. ಮದೀಹಾ.

"ಎಲ್ಲಿಗೆ ಬಂತೋ?"

"ಶುರು ಆಗ್ತಿಲ್ಲ ಅಕ್ಕಾ."

"ಬೀಪ್ ಬಂತಾ?"

"ಒಂದೇ. ಚಿಕ್ಕದು."

"ಹಂಗಾದ್ರೆ ಸರಿ ಇರ್ಬೇಕಲ್ಲೋ! ಆಮೇಲೆ?"

"ಆಮೇಲೆ ಏನೂ ಇಲ್ಲ."

"ಏನೂ ಅಂದ್ರೆ ಏನೂ ಇಲ್ವಾ?"

"ಏನೂ ಇಲ್ಲ ಅಕ್ಕಾ."

ಬಸ್ಸಿನ ಸದ್ದಿನ ನಡುವೆ ಅವಳು ಕೂಗಿದಳು. "ಯಾ ಅಲ್ಲಾ! ಬೀರೂರು ದಾಟಿದೀನಿ ಕಣೋ. ಒಂದು ಕೆಲ್ಸ ಮಾಡು, ಹಿಂದ್ಗಡೆ..."

ಕಾಲ್ ಕಟ್ಟಾಯಿತು. ಮತ್ತೆ ಸಿಗಲಿಲ್ಲ.

ಹಿಂದುಗಡೆ ಏನು? ಮಾನಿಟರಿನ ವೈರನ್ನು ಕಿತ್ತು ಊದಿ ಸಿಕ್ಕಿಸಿದ, ತಿರುಪು ಬಿಗಿ ಮಾಡಿದ. ಎರಡೂ ರ‍್ಯಾಮ್ ವಾಪಸ್ ಕೂರಿಸಿ ಬಟನ್ ಒತ್ತಿದ. ಬೀಪ್. ಕಣ್ಣು ಮುಚ್ಚಿಕೊಂಡ. ತೆರೆದ. ಕಪ್ಪು ಗಾಜಿನಲ್ಲಿ ಅವನದೇ ಮುಖ ಕಂಡಿತು.

ಬಾಗಿಲಲ್ಲಿ ಸ್ಕೂಟರ್ ನಿಂತಿತು. ಬಸ್ ನಿಲ್ದಾಣದಿಂದ ಕರೆತಂದ ತಮ್ಮ ಮುಬಶೀರನ ಜೊತೆ ಮದೀಹಾ ಒಳಗೆ ಬಂದಳು. ಹೊನ್ನೇಶ್ ಎದ್ದು ಗೋಡೆಗೆ ಒತ್ತಿ ನಿಂತ.

"ಅಕ್ಕಾ, ಸುಟ್ಟಾಕ್ಬಿಟ್ಟೆ. ತಪ್ಪಾಯ್ತು. ನನ್ನ ಕಂಪ್ಯೂಟರ್ನೇ ತಂದ್ಕೊಡ್ತೀನಿ."

"ಅಜ್ಜಂಪುರದಿಂದಾನಾ? ಪರೀಕ್ಷೆಯೋರು ಕಾಯ್ತಾರಾ? ಸರೀ ಆಚೆ."

ಅವಳು ನೆಲಕ್ಕೆ ಕೂತು ಕ್ಯಾಬಿನೆಟ್ಟಿನ ಬೆನ್ನ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಖಾಲಿ ತೂತಿನ ಹತ್ತಿರ ನಿಂತಿತು.

"ಲೇ ಪುಣ್ಯಾತ್ಮ, ಇದ್ರ ವೈರೆಲ್ಲೋ?"

"ಸ್ಪೀಕರ್ದಾ? ಇಲ್ಲೇ ಬಿದ್ದೈತೆ. ಅದು ಈಗ ಯಾಕಕ್ಕಾ?"

"ಕೊಡು ಇಲ್ಲಿ!"

ಕಿತ್ತುಕೊಂಡು ಸಿಕ್ಕಿಸಿದಳು. ಮೂಲೆಯ ಸ್ಪೀಕರ್ ಡಬ್ಬಿಯೊಳಗಿಂದ ಹೆಣ್ಣು ದನಿಯೊಂದು ಒಮ್ಮೆಗೇ ಪಟಪಟ ಇಂಗ್ಲಿಷ್ ಮಾತಾಡತೊಡಗಿತು. ಅವನಿಗೆ ಒಂದು ಪದವೂ ಸಿಗದಷ್ಟು ವೇಗ. ಮದೀಹಾ ಕುರ್ಚಿಗೆ ಹಾರಿ ಕೂತಳು. ಬೆರಳುಗಳು ಕೀಬೋರ್ಡಿನ ಮೇಲೆ ಓಡಿದವು. ಒಂದು ಕ್ಷಣ ಕಿವಿಗೊಟ್ಟಳು.

"ತೆರೀತು! ಪರೀಕ್ಷೆ ತೆರೀತು ಅಮ್ಮೀ! ಹೊನ್ನೇಶಾ, ನಿನ್ನ ರ‍್ಯಾಮ್ ಬಂಗಾರ ಕಣೋ."

ಹೊನ್ನೇಶ್ ಬಾಯಿ ಬಿಟ್ಟು ನಿಂತಿದ್ದ. "ಆದ್ರೆ ಅಕ್ಕಾ, ಮಾನಿಟರ್ ಇನ್ನೂ ಕಪ್ಪಗೇ ಐತಲ್ಲ?"

"ಅದು ಕೆಟ್ಟೈತಾ? ನಂಗೆ ಎಲ್ಲಾ ಓದಿ ಹೇಳೋದು ಈ ದನಿ ಕಣೋ." ಮದೀಹಾ ಅವನ ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿ ನಕ್ಕಳು, "ಹುಟ್ಟಿದಾಗಿಂದ ಕಣ್ಣು ಕಾಣ್ದೋಳಿಗೆ ಅದು ಹೆಂಗೋ ಗೊತ್ತಾಗ್ಬೇಕು?"