ಠಾಣೆಯ ಅಡುಗೆಯವನು

ಹೊಳೆಯ ಕಡೆಯಿಂದ ಬುಟ್ಟಿ ಹೊತ್ತು ಅವಸರದಲ್ಲಿ ಬರುತ್ತಿದ್ದ ಮತೇವೂಸನನ್ನು ಲಿಡಿಮು ಗೇರುಮರದ ಮರೆಯಿಂದ ಹಾರಿ ಕೆಡವಿದ. ಕೈಗಳನ್ನು ಹಿಂದಕ್ಕೆಳೆದು ಕಟ್ಟಿದ. ಬುಟ್ಟಿಯನ್ನು ಬೋರಲು ಹಾಕಿ ಜಾಲಾಡಿದ. ಸೊಪ್ಪು, ಬೇರು, ನಾಲ್ಕು ಅಣಬೆ. ಚೀಟಿಯೇನೂ ಸಿಗಲಿಲ್ಲ.

ಅನುಮಾನ ಮಾತ್ರ ಹೋಗಲಿಲ್ಲ. ಮತೇವೂಸ್ ಹನ್ನೆರಡು ವರ್ಷದಿಂದ ಪೋರ್ಚುಗೀಸರ ಠಾಣೆಯಲ್ಲಿ ಅಡುಗೆ ಮಾಡುತ್ತಿದ್ದವನು. ಊರಿಗೆ ಊರೇ ಹತ್ತಿಹೊಲದಲ್ಲಿ ಬೆತ್ತದೇಟು ತಿನ್ನುವಾಗ ಇವನು ಬಿಳಿ ಅಂಗಿ ತೊಟ್ಟು ಕ್ಯಾಪ್ಟನ್ನನಿಗೆ ಬಡಿಸುತ್ತಿದ್ದ. ಊರಿನ ಮಕೊಂಡೆ ಜನಾಂಗದ ಹೆಂಗಸರು ಅವನನ್ನು ಕಂಡರೆ ನೆಲಕ್ಕೆ ಉಗಿಯುತ್ತಿದ್ದರು.

ಆ ಭಾನುವಾರ ಸ್ವಾತಂತ್ರ್ಯದ ಹೋರಾಟ ಶುರುವಾಗಬೇಕಿತ್ತು. ಇದ್ದದ್ದು ಹದಿನಾಲ್ಕು ಜನ, ಒಂಬತ್ತು ಬಂದೂಕು. ಮಧ್ಯಾಹ್ನ ಸಿಪಾಯಿಗಳ ಊಟ ಮುಗಿದ ಮೇಲೆ ಠಾಣೆಗೆ ನುಗ್ಗುವುದೆಂದು ನಾಯಕ ಚಿಪೆಂಡೆ ಹೇಳಿದ್ದ. ಹಾಡಹಗಲಲ್ಲಿ ಹೇಗೆ ಎಂದು ಕೇಳಿದವರಿಗೆ, ಅದನ್ನು ನನಗೆ ಬಿಡಿ ಎಂದಿದ್ದ. ಲಿಡಿಮುವಿನ ತಮ್ಮ ನಂಕಾಟುವಿಗೆ ಬಂದೂಕು ಸಿಕ್ಕಿತು. ಲಿಡಿಮುವಿಗೆ ಸಿಕ್ಕಿದ್ದು ದಾರಿ ಕಾಯುವ ಕೆಲಸ. ಅನುಮಾನ ಬಂದವರನ್ನು ಠಾಣೆಯತ್ತ ಬಿಡಬಾರದು, ಅಷ್ಟೇ.

"ಬಿಡೋ ಲಿಡಿಮು, ಅಡುಗೆಗೆ ಹೊತ್ತಾಯ್ತು. ಇವತ್ತು ನಾನಿಲ್ದೆ ಆಗಲ್ಲ."

"ನಿನ್ನ ಧಣಿಗಳು ಒಂದು ಹೊತ್ತು ಉಪವಾಸ ಇದ್ರೆ ಸಾಯಲ್ಲ ಬಿಡಣ್ಣ."

"ಅವರು ಉಣ್ಣಲೇಬೇಕು ಕಣೋ. ನಿಮ್ಮ ನಾಯಕನ್ನ ಕರಿ, ಅವನ ಹತ್ರ ಮಾತಾಡ್ತೀನಿ."

ನಾಯಕನೊಬ್ಬ ಇದ್ದಾನೆಂಬುದು ಠಾಣೆಯ ಅಡುಗೆಯವನಿಗೆ ಹೇಗೆ ಗೊತ್ತು? ಲಿಡಿಮು ಮತ್ತೊಂದು ಮಾತಿಗೆ ಅವಕಾಶ ಕೊಡದೆ ಬಾಯಿಗೆ ಬಟ್ಟೆ ತುರುಕಿ, ಅವನನ್ನು ಪೊದೆಯ ಹಿಂದಿನ ಮರಕ್ಕೆ ಬಿಗಿದ.

ಹೊತ್ತು ತಿರುಗುವಾಗ ಗುಂಡಿನ ಸದ್ದು ಎದ್ದಿತು. ಒಂದೆರಡಲ್ಲ. ಠಾಣೆಯ ಮಷಿನ್‌ಗನ್ ಒಂದೇ ಸಮನೆ ಒದರತೊಡಗಿತು. ಸುದ್ದಿ ಮುಟ್ಟಿಸುವವನನ್ನು ತಡೆದೆನಲ್ಲ, ಇಲ್ಲದಿದ್ದರೆ ಇನ್ನೇನಾಗುತ್ತಿತ್ತೋ ಎಂದು ಲಿಡಿಮು ತನಗೆ ತಾನೇ ಹೇಳಿಕೊಂಡ. ಮತೇವೂಸನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಧಣಿಗಳಿಗಾಗಿ ಅಳುತ್ತಿದ್ದಾನೆ ಎಂದುಕೊಂಡು ಅವನತ್ತ ನೋಡುವುದನ್ನೇ ಬಿಟ್ಟ.

ಸಂಜೆಗೆ ಮೊದಲೇ ಠಾಣೆಗೆ ನುಗ್ಗಿದ್ದವರು ಮರಗೆಣಸಿನ ಹೊಲದೊಳಗಿಂದ ಹಿಂತಿರುಗಿದರು. ಹೋದವರು ಹದಿಮೂರು, ನಡೆದು ಬಂದವರು ಎಂಟು. ಕಂಬಳಿಯಲ್ಲಿ ಹೊತ್ತು ತಂದದ್ದು ನಂಕಾಟುವನ್ನು. ಲಿಡಿಮು ತಮ್ಮನ ಕಣ್ಣು ಮುಚ್ಚಿ, ಮುಖದ ಮಣ್ಣು ಒರೆಸಿದ. ಠಾಣೆ ಕೈಗೆ ಬಂದಿರಲಿಲ್ಲ. ಆದರೂ ಯುದ್ಧ ಶುರುವಾಯಿತು, ಈ ದಿನವನ್ನು ನಾಡು ಮರೆಯುವುದಿಲ್ಲ ಎಂದು ಯಾರೋ ಹೇಳುತ್ತಿದ್ದರು.

ಲಿಡಿಮು ಎದ್ದು ಚಿಪೆಂಡೆಯ ಮುಂದೆ ನಿಂತ. ನಾನೂ ಸುಮ್ಮನೆ ಕೂತಿರಲಿಲ್ಲ, ಒಬ್ಬ ದ್ರೋಹಿಯನ್ನು ಹಿಡಿದು ಪೊದೆಯ ಹಿಂದೆ ಕಟ್ಟಿದ್ದೇನೆ, ತಮ್ಮನ ಹೆಸರಲ್ಲಿ ಅವನನ್ನು ಮುಗಿಸಲು ಅಪ್ಪಣೆ ಬೇಕು ಎಂದ.

ಚಿಪೆಂಡೆ ರಕ್ತ ಸೋರುವ ತೋಳನ್ನು ಹಿಡಿದುಕೊಂಡೇ ತಲೆಯಾಡಿಸಿದ.

"ಅದು ಆಮೇಲೆ. ಮೊದಲು ನಮ್ಮ ಮತೇವೂಸ್ ಏನಾದ ಅಂತ ಹುಡುಕ್ರಪ್ಪ, ಪಾಪ, ಅವರ ಕೈಗೆ ಸಿಕ್ಕಿಬಿದ್ದಿರ್ಬೇಕು. ಊಟದಲ್ಲೇ ಅಷ್ಟೂ ಜನರನ್ನ ಮಲಗಿಸಿಬಿಡ್ತೀನಿ, ನೀವು ಒಂದು ಗುಂಡೂ ಹಾರಿಸಬೇಕಾಗಿಲ್ಲ ಅಂದಿದ್ದ."